ಇರಾಕಿ, ಹೋಗಾಕಿ

ನಮ್ಮೂರಲ್ಲಿ ಲೈನ್‌ಮನ್ ಆಗಿರುವುದು ಬೇರೆ ಊರುಗಳಲ್ಲಿ ಲೈನ್‌ಮನ್ ಆಗಿರುವ ಹಾಗಲ್ಲ. ಬೇರೆ ಕಡೆ ವೈರು ಹರಿದರೆ ಜೋಡಿಸುತ್ತಾರೆ, ಫ್ಯೂಜು ಹೋದರೆ ಹಾಕುತ್ತಾರೆ, ಉಳಿದ ಹೊತ್ತು ಚಹಾದಂಗಡಿಯಲ್ಲಿ ಕೂತು ಜನರಿಂದ ಬೈಸಿಕೊಳ್ಳುತ್ತಾರೆ. ನನಗೆ ಇವೆಲ್ಲದರ ಜೊತೆಗೆ ಯುಗಾದಿಗೆ ಮುಂಚೆ ಇನ್ನೊಂದು ಕೆಲಸವಿದೆ. ಆ ವರ್ಷ ಹೊರಡಲಿರುವ ಮನೆಗಳ ವೈರನ್ನು ಕಂಬದಿಂದ ಬಿಡಿಸಿ, ಸುರುಳಿ ಸುತ್ತಿ ಎತ್ತಿಡಬೇಕು. ಬಿಡಿಸದಿದ್ದರೆ ಮನೆ ಏಳುವಾಗ ಕಂಬವನ್ನೂ ಕಿತ್ತುಕೊಂಡು ಏಳುತ್ತದೆ, ಇಲ್ಲವೇ ಕಂಬಕ್ಕೆ ಜೋತುಬಿದ್ದು ಮಗುಚುತ್ತದೆ. ನನಗಿಂತ ಮುಂಚೆ ಇದ್ದ ಲೈನ್‌ಮನ್ ಒಂದು ವರ್ಷ ಗಾಣಿಗರ ಓಣಿಯನ್ನು ಮರೆತಿದ್ದ. ಆ ಓಣಿಯ ಕಂಬಗಳು ಆಮೇಲೆ ಯಾರದೋ ಕಡಲೆ ಹೊಲದಲ್ಲಿ ಸಿಕ್ಕವು.

ಯಾವ ಮನೆ ಹೊರಡುತ್ತದೆ, ಯಾವುದು ಉಳಿಯುತ್ತದೆ ಎನ್ನುವುದೆಲ್ಲ ಹಕ್ಕಿಯ ಮೇಲೆ. ದಸರೆ ಮುಗಿದ ಮೇಲೆ ನಮ್ಮೂರಿನ ಮನೆಗಳ ಬೆಳಕಿಂಡಿಗಳಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಹಕ್ಕಿಗಳು ಬಂದು ಸೇರಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಜಾತಿ ವರ್ಷವಿಡೀ ಇಲ್ಲೇ ಇರುವಂಥದ್ದು, ಅದನ್ನು ನಾವು ಇರಾಕಿ ಎನ್ನುತ್ತೇವೆ. ಇನ್ನೊಂದು ಯುಗಾದಿಯ ಬೆಳಿಗ್ಗೆ ಎದ್ದು ಉತ್ತರದ ಕಡೆಗೆ ಹೊರಡುವಂಥದ್ದು, ಅದು ಹೋಗಾಕಿ. ಹೋಗಾಕಿ ಇದ್ದ ಮನೆ ಅವಳ ಹಿಂದೆ ಹೋಗುತ್ತದೆ. ಮತ್ತೆ ದಸರೆಯ ನಂತರ ಅವಳು ಬಂದಾಗ ಬರುತ್ತದೆ. ಯಾಕೆ ಎಂದು ಕೇಳಬೇಡಿ. ನಿಮ್ಮೂರಿನ ಮನೆಗಳು ಯಾಕೆ ಎಲ್ಲಿಗೂ ಹೋಗುವುದಿಲ್ಲ ಎಂದು ನಾನೇನು ಕೇಳಿದೆನೇ?

ಕಷ್ಟವಿರುವುದು ಇವೆರಡನ್ನು ಬೇರೆ ಮಾಡಿ ಗುರುತಿಸುವುದರಲ್ಲಿ. ಎರಡಕ್ಕೂ ಬಾಡಿದ ಬೇವಿನೆಲೆಯ ಬಣ್ಣ. ಎರಡಕ್ಕೂ ಕಣ್ಣಿನ ಮೇಲೆ ಹುಬ್ಬು ತೀಡಿದಂಥ ತೆಳ್ಳನೆಯ ಗೆರೆ. ಎರಡೂ ಒಂದು ಕಡೆ ನೆಟ್ಟಗೆ ಕೂರುವುದಿಲ್ಲ. ಹೋಗಾಕಿಯ ರೆಕ್ಕೆ ಒಂದು ಕೂದಲೆಳೆ ಉದ್ದ ಎನ್ನುತ್ತಾರೆ, ಅದನ್ನು ಅಳೆದವರನ್ನು ನಾನು ಕಂಡಿಲ್ಲ. ಹಾಡಿದರೆ ಮಾತ್ರ ಅನುಮಾನವೇ ಇರುವುದಿಲ್ಲ. ಇರಾಕಿ ಎರಡೇ ಮಾತಿನವಳು, ಚಿಪ್ ಚಪ್, ಚಿಪ್ ಚಪ್ ಎಂದು ಹೊತ್ತುಗಟ್ಟಲೆ ತಗಡು ಬಡಿಯುತ್ತಾಳೆ. ಹೋಗಾಕಿಯ ಹಾಡು ಮೇಲಿಂದ ಶುರುವಾಗಿ, ಬಾವಿಯ ಮೆಟ್ಟಿಲು ಇಳಿದಂತೆ ಇಳಿಯುತ್ತ ಇಳಿಯುತ್ತ ಕೊನೆಗೆ ನೀರು ಮುಟ್ಟಿ ಮೆಲ್ಲಗಾಗುತ್ತದೆ. ಆದರೆ ಅವಳು ಇಲ್ಲಿ ಬಾಯಿ ಬಿಡುವುದು ಬಲು ಅಪರೂಪ. ಇರಾಕಿಗಳೂ ಚಳಿಗಾಲವಿಡೀ ಮೌನ ಹಿಡಿಯುವುದುಂಟು. ಹಾಗಾಗಿ ನಮ್ಮೂರು ನಂಬಿಕೊಂಡು ಬಂದಿರುವುದು ಕಾಲನ್ನು. ಇರಾಕಿಯ ಕಾಲು ಕಪ್ಪು. ಹೋಗಾಕಿಯದು ಒಣಗಿದ ಜೋಳದ ಕಣಿಕೆಯ ಹಳದಿ.

ಕಾಲು ನೋಡಿ ಹೇಳುವವಳು ಬಳೆಗಾರ್ತಿ ಹುಸೇನಬಿ. ಮಣಿಕಟ್ಟು ನೋಡಿ ಬಳೆಯ ಅಳತೆ ಹೇಳುವ ಕಣ್ಣು ಅವಳದು, ಅದೇ ಕಣ್ಣನ್ನು ಊರು ಹಕ್ಕಿಗೂ ಬಳಸಿಕೊಂಡಿತು. ಉದ್ದ ಬಿದಿರಿನ ತುದಿಗೆ ಒಂದು ಚೂರು ಕನ್ನಡಿ ಕಟ್ಟಿ, ಬೆಳಕಿಂಡಿಯ ಕೆಳಗೆ ಹಿಡಿದು, ಕತ್ತು ಓರೆ ಮಾಡಿ ನೋಡುತ್ತಾಳೆ. ಇರಾಕಿಯಾದರೆ ಬಾಗಿಲ ಚಿಲಕಕ್ಕೆ ಬಿಳಿ ದಾರ, ಹೋಗಾಕಿಯಾದರೆ ಹಸಿರು ದಾರ. ಹಸಿರು ದಾರ ಬಿದ್ದ ಮನೆಯವರು ಒಂದಿಷ್ಟು ಗೊಣಗಿ, ದವಸ, ಹಾಸಿಗೆ, ದೇವರ ಜಗುಲಿ ಎಲ್ಲ ಬೀಗರ ಮನೆಗೆ ಸಾಗಿಸಿ, ಮನೆಗೆ ಬೀಗ ಹಾಕಿ ಕೈ ಮುಗಿಯುತ್ತಾರೆ.

ಮನೆ ಹೋದ ಜಾಗ ಸಗಣಿ ಸಾರಿಸಿದ ಅಂಗಳದಂತೆ ಚೊಕ್ಕಟವಾಗಿ ಉಳಿಯುತ್ತದೆ. ಅಲ್ಲಿ ಹುಡುಗರು ಆಡಬಹುದು, ಆದರೆ ಏನನ್ನೂ ಒಣಗಲು ಹಾಕಬಾರದು, ದನ ಕಟ್ಟಬಾರದು. ಮನೆ ಬರುವಾಗ ಹೇಳಿಕೇಳಿ ಬರುವುದಿಲ್ಲವಲ್ಲ. ಬಂದ ಮನೆಯ ಮೂಲೆಗಳಲ್ಲಿ ನಾವು ಕಾಣದ ಬಣ್ಣದ ಮರಳು ಇರುತ್ತದೆ, ಮಾಳಿಗೆಯ ಮೇಲೆ ಹೆಸರಿಲ್ಲದ ಎಲೆಗಳಿರುತ್ತವೆ. ಹೆಣ್ಣುಮಕ್ಕಳು ಬೈಯುತ್ತಲೇ ಗುಡಿಸುತ್ತಾರೆ. ಒಳಗಿದ್ದು ಹೋಗಿಬಂದವನು ನನಗೆ ಗೊತ್ತಿರುವಂತೆ ಒಬ್ಬನೇ, ಗೌಂಡಿ ಯಲಗುರದಪ್ಪ. ಮುಂಚಿನ ದಿನ ಕುಡಿದು ತನ್ನ ಮನೆಯ ಅಟ್ಟದ ಮೇಲೆ ಮಲಗಿಬಿಟ್ಟಿದ್ದ. ತಿರುಗಿ ಬಂದವನ ಗಡ್ಡದಲ್ಲಿ ಉಪ್ಪು ಗಟ್ಟಿಯಾಗಿತ್ತು. ಏನು ಕಂಡಿ ಎಂದು ಕೇಳಿದರೆ ಇವತ್ತಿಗೂ ಒಂದೇ ಮಾತು: "ನೀಲಿ ಬಾಳ ಇತ್ತು." ಆಮೇಲೆ ಅವನು ಯಾರ ಜೊತೆಗೂ ಜಗಳವಾಡಿದ್ದಿಲ್ಲ. ಆದರೆ ಎಲ್ಲ ಮನೆಗಳೂ ಬರುತ್ತವೆ ಎಂದಲ್ಲ. ಕಂಬಾರ ಓಣಿಯಲ್ಲಿ ಒಂದು ಜಾಗ ನಾನು ಹುಡುಗನಾಗಿದ್ದಾಗಿನಿಂದ ಖಾಲಿಯಿದೆ. ಅದರ ಪಕ್ಕದಲ್ಲಿ ಹೋಗುವಾಗ ಜನ ಮಾತು ನಿಲ್ಲಿಸುತ್ತಾರೆ.

ಆ ವರ್ಷ ನನ್ನ ಮಗಳು ಕಸ್ತೂರಿ ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಹೋಳಿ ಹುಣ್ಣಿಮೆಯ ಹಿಂದೆಮುಂದೆ ಹೆಣ್ಣುಕೂಸು ಹುಟ್ಟಿತು. ನನ್ನ ಹೆಂಡತಿ ಹೊಳೆವ್ವ ಬಾಣಂತನಕ್ಕೆ ನಿಂತಳೆಂದರೆ ಸರ್ಕಾರಿ ಆಫೀಸಿಗಿಂತ ಹೆಚ್ಚು ಕಾಯಿದೆ. ಬಚ್ಚಲ ಪಕ್ಕದ ಕೋಣೆಯಲ್ಲಿ ತಾಯಿ-ಕೂಸನ್ನು ಮಲಗಿಸಿ, ಕಸ್ತೂರಿಯ ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಬಿಗಿದು, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಒಂದು ಸುಳಿ ಗಾಳಿಯೂ ಸೋಕಬಾರದು. ಬಚ್ಚಲ ಒಲೆ ಬೆಳಗಿನಿಂದ ಸಂಜೆಯ ತನಕ ಉರಿಯುತ್ತಲೇ ಇತ್ತು. ಹೊಗೆ ಕಿಂಡಿಯಿಂದ ಹೊರಬೀಳುವುದು, ಬಾಣಂತಿಗೆ ನೀರು ಹಾಕುವುದು, ಕೂಸಿಗೆ ಲೋಬಾನದ ಹೊಗೆ ಕೊಡುವುದು, ಮತ್ತೆ ಒಲೆಗೆ ಕಟ್ಟಿಗೆ ಒಟ್ಟುವುದು. ಗೋಡೆಯೆಲ್ಲ ಮಸಿ ಹಿಡಿದು ಹೊಳೆಯುತ್ತಿತ್ತು.

ನಮ್ಮ ಮನೆಗೆ ಬಂದ ಹಕ್ಕಿ ಸೇರಿಕೊಂಡಿದ್ದು ಆ ಕೋಣೆಯ ಬೆಳಕಿಂಡಿಯಲ್ಲೇ. ಬೆಚ್ಚಗಿರುತ್ತಿತ್ತಲ್ಲ, ಹಗಲೆಲ್ಲ ಬಚ್ಚಲ ಹೊಗೆಕಿಂಡಿಯ ಅಂಚಿನ ಮೇಲೆ ಕುಪ್ಪಳಿಸುತ್ತಿತ್ತು. ಹುಸೇನಬಿ ಬಂದು ಕನ್ನಡಿ ಹಿಡಿದಳು. ಹಕ್ಕಿ ಒಂದು ಗಳಿಗೆ ನಿಂತಿತು. ಕಾಲು ಕಾಡಿಗೆಯಷ್ಟು ಕಪ್ಪಗಿತ್ತು, ನಾನೂ ನೋಡಿದೆ.

"ಇರಾಕಿ," ಅಂದಳು ಹುಸೇನಬಿ ಬಿಳಿ ದಾರ ತೆಗೆಯುತ್ತ. "ಪುಣ್ಯಾ ಮಾಡೀರಿ ಹೊಳೆವ್ವಾ. ಹಸಿ ಬಾಣಂತಿ ಮನ್ಯಾಗ ಇದ್ದಾಗ ಹಸರ ದಾರ ಕಟ್ಟೂದು ಅಂದ್ರ ನನ್ನ ಕೈಯರ ಹೆಂಗ ಬಂದೀತು?"

ಕಂಬಳಿಯ ಆಚೆಯಿಂದ ಕಸ್ತೂರಿಯ ದನಿ ಬಂತು. "ಹುಸೇನವ್ವಾ, ಇದು ಹೋಗಾಕಿ ಐತಿ. ಮಧ್ಯಾಹ್ನ ಎಲ್ಲಾರೂ ಅಡ್ಡಾದ ಮ್ಯಾಲೆ ಹಾಡತೈತಿ. ಬಾಯಿ ಮುಚ್ಚಿಕೊಂಡು, ಒಳಗೊಳಗ, ಇಳಕೋಂತ ಇಳಕೋಂತ ಹೋಗತೈತಿ."

"ಕಿವ್ಯಾಗ ಹತ್ತಿ ಇಟ್ಕೊಂಡು ಅದನ್ನ ಕೇಳೀಯೇನ ನನ ಮಗಳ?" ಎಂದು ಹುಸೇನಬಿ ನಕ್ಕಳು. ಹೊಳೆವ್ವ ನಕ್ಕಳು. ನಾನೂ ನಕ್ಕೆ. ಬಾಣಂತಿಯರಿಗೆ ಏನೇನೋ ಕೇಳಿಸುತ್ತದೆ, ಕತ್ತಲೆಯ ಕೋಣೆಯಲ್ಲಿ ಮಲಗಿ ಮಲಗಿ ಹಾಗಾಗುತ್ತದೆ ಎಂದು ಎಲ್ಲರೂ ಅಂದುಕೊಂಡೆವು.

ಕಸ್ತೂರಿ ಮಾತ್ರ ಬಿಡಲಿಲ್ಲ. ನಾನು ಹಸಿರು ದಾರದ ಮನೆಗಳ ವೈರು ಬಿಡಿಸಿ ದಣಿದು ಬಂದು ಕಂಬಳಿಯ ಈಚೆ ಕೂತರೆ, "ಯಪ್ಪಾ, ನಮ್ಮ ಮನೀದೂ ವೈರ್ ತಗದ ಬಿಡು. ಚಿಮಣಿ ದೀಪ ಸಾಕು ನಮಗ," ಅನ್ನುತ್ತಿದ್ದಳು.

"ಲೈನ್‌ಮನ್ ಮನ್ಯಾಗ ಚಿಮಣಿ ಹಚ್ಚಿದ್ರ ಊರು ನಗತೈತಿ, ಸುಮ್ಮನ ಮಲ್ಕೋ," ಅನ್ನುತ್ತಿದ್ದೆ ನಾನು.

"ಕೂಸು ಅದರ ಹಾಡು ಕೇಳಿ ಅಳೂದು ಬಿಡತೈತಿ ಯಪ್ಪಾ. ಇಷ್ಟಗಲ ಕಣ್ಣು ಬಿಟ್ಟು ಮ್ಯಾಲೆ ನೋಡತೈತಿ," ಎಂದಳು ಒಂದು ದಿನ. ಆ ಮಾತು ಯಾಕೋ ನನ್ನ ಎದೆಯಲ್ಲಿ ಉಳಿಯಿತು, ಆದರೂ ಕಂಬ ಹತ್ತಲಿಲ್ಲ. ಹುಸೇನಬಿಯ ಕಣ್ಣು ತಪ್ಪಿದ್ದನ್ನು ಊರು ಕಂಡಿರಲಿಲ್ಲವಲ್ಲ.

ಯುಗಾದಿಯ ಬೆಳಿಗ್ಗೆ ಇಡೀ ಊರಿನ ಕರೆಂಟು ತೆಗೆಯುವುದು ರೂಢಿ. ಮೇನ್ ಇಳಿಸಿ ಮನೆಗೆ ಬಂದೆ. ಹೊಳೆವ್ವ ಎಣ್ಣೆ ತಿಕ್ಕಿ, ಸೀಗೆಕಾಯಿ ಹಾಕಿ, ತಲೆ ಉರಿಯುವಂಥ ಬಿಸಿನೀರು ಹೊಯ್ದಳು. ಮೈ ಒರೆಸಿಕೊಂಡು ಹಿತ್ತಲಿಗೆ ಬಂದು ನಿಂತೆ. ಬಚ್ಚಲ ಮೋರಿಯ ಬಾಯಲ್ಲಿ ನನ್ನ ಮೈತೊಳೆದ ಸೀಗೆಕಾಯಿ ನೀರು ಗುಂಡಿ ಕಟ್ಟಿ ನಿಂತಿತ್ತು. ನಮ್ಮ ಹಕ್ಕಿ ಆ ಗುಂಡಿಯ ಅಂಚಿನಲ್ಲಿ ಒಂದು ಕಾಲನ್ನು ಹೊಟ್ಟೆಯೊಳಗೆ ಮಡಚಿ, ಒಂದೇ ಕಾಲಲ್ಲಿ ನೀರೊಳಗೆ ನಿಂತಿತ್ತು. ಹಬ್ಬದ ದಿನ ಇದಕ್ಕೂ ಎಣ್ಣೆಸ್ನಾನವೇ ಎಂದು ನಗು ಬಂತು. ಹಕ್ಕಿ ಮೈ ಕೊಡವಿ ಜಿಗಿದು ಒಣ ಕಲ್ಲಿನ ಮೇಲೆ ಎರಡೂ ಕಾಲೂರಿ ಕೂತಿತು. ಒಂದು ಕಾಲು ಕಪ್ಪಗಿತ್ತು. ಇನ್ನೊಂದು ಹಳದಿ, ಆಗ ತಾನೇ ಸುಲಿದ ಕಣಿಕೆಯಂಥ ಹಳದಿ.

ನಾನು ನೋಡಿದೆ, ಆದರೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಬಚ್ಚಲ ಹೊಗೆ, ಕಿಂಡಿಯ ಮಸಿ, ಅದರ ಮೇಲೆ ದಿನವಿಡೀ ಕುಪ್ಪಳಿಸುವ ಹಕ್ಕಿ. ನಾವು ಬಾಣಂತಿಗೆಂದು ಹಾಕಿದ ಒಲೆಯೇ ಹೋಗಾಕಿಯ ಕಾಲಿಗೆ ಕಪ್ಪು ಬಳಿದಿತ್ತು. ಸೀಗೆಕಾಯಿ ನೀರು ಅದನ್ನು ಒಂದು ಕಾಲಿನಿಂದ ತೊಳೆದಿತ್ತು.

ಅಷ್ಟರಲ್ಲಿ ಗಾಳಿ ನಿಂತಿತು. ಮನೆಗಳು ಏಳುವ ಮುಂಚೆ ಹೀಗೇ ಆಗುತ್ತದೆ. ನಾಯಿಗಳು ಬೊಗಳುವುದನ್ನು ಬಿಡುತ್ತವೆ, ಗೋಡೆಯ ಸುಣ್ಣ ಸಣ್ಣಗೆ ಚಟಚಟ ಎನ್ನುತ್ತದೆ. ಓಣಿಯ ತುದಿಯಲ್ಲಿ ಪತ್ತಾರರ ಮನೆ ಮೊದಲು ಎದ್ದಿತು. ಎಷ್ಟು ವರ್ಷ ನೋಡಿದರೂ ಆ ನೋಟ ನನಗೆ ಹಳತಾಗಿಲ್ಲ. ಮುಂದೆ ಹೆಬ್ಬೆರಳಿನಷ್ಟು ಹಕ್ಕಿ, ಹಿಂದೆ ಕಲ್ಲು ಮಣ್ಣು ತೊಲೆ ಮಾಳಿಗೆ ಸಮೇತ ಮನೆ, ಸದ್ದಿಲ್ಲದೆ, ಒಂದು ಹಿಡಿ ಮಣ್ಣೂ ಉದುರದಂತೆ ಮೇಲೇರುತ್ತದೆ. ಅದರ ಕೆಳಗೆ ವರ್ಷವಿಡೀ ಬಿಸಿಲು ಕಾಣದ ನೆಲದ ಮೇಲೆ ಬೆಳಕು ಬೀಳುತ್ತದೆ. ಊರಿಗೆ ಊರೇ ಕೈ ಮುಗಿದು ನಿಲ್ಲುತ್ತದೆ.

"ಹೊಳೆವ್ವಾ, ಹೊರಗ ಬರ್ರಿ! ಕೂಸಿನ್ನ ತಗೊಂಡು ಹೊರಗ ಬರ್ರಿ!" ಎಂದು ಕೂಗುತ್ತ ಮುಂಬಾಗಿಲಿಗೆ ಓಡಿದೆ.

"ಹುಚ್ಚ ಹಿಡದೈತೇನ್ರಿ? ಈ ಥಂಡ್ಯಾಗ ಬಾಣಂತೀನ್ನ ಹೊರಗ ತರತಾರೇನು?" ಎಂದು ಹೊಳೆವ್ವ ಒಳಗಿಂದಲೇ ಗದರಿದಳು. ಅವಳ ಮಾತು ಮುಗಿಯುವ ಮುಂಚೆ ನಮ್ಮ ಹಕ್ಕಿ ಮಾಳಿಗೆಯ ಅಂಚಿಗೆ ಬಂದು ಕೂತು, ಬಾಯಿ ತೆರೆದು, ಎಲ್ಲರಿಗೂ ಕೇಳುವ ಹಾಗೆ ಹಾಡಿತು. ಮೇಲಿಂದ ಶುರುವಾಗಿ ಇಳಿಯುತ್ತ ಇಳಿಯುತ್ತ ಬಂದ ಆ ಹಾಡು ನನ್ನ ಕಾಲ ಹತ್ತಿರ ಬಂದು ನಿಂತಂತಾಯಿತು. ಎದುರು ಮನೆಯ ಕಟ್ಟೆಯ ಮೇಲಿದ್ದ ಹುಸೇನಬಿ ಎದೆಗೆ ಕೈಯಿಟ್ಟುಕೊಂಡು ಎದ್ದು ನಿಂತಳು.

ಹೊಸ್ತಿಲ ಕೆಳಗೆ ಒಂದು ಗೇಣು ಬೆಳಕು ಕಂಡಿತು.

ಕಸ್ತೂರಿ ಕಂಬಳಿ ಸರಿಸಿ ಕೂಸನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದಳು. ಬಿಸಿಲು ಕಾಣದೆ ಬಿಳಿಚಿದ ಮುಖ. ನಾನು ಕೈ ಚಾಚಿದೆ. "ಜಿಗಿಬ್ಯಾಡ!" ಎಂದು ಹುಸೇನಬಿ ಕೂಗಿದಳು. "ಎದ್ದ ಮನೀಂದ ಯಾರೂ ಇಳೀಬಾರದು, ಮನಿ ವಾಲತೈತಿ! ಒಳಗ ಹೊಳೆವ್ವ ಅದಾಳ!" ಅದು ಹಿರಿಯರ ಕಾಲದಿಂದ ಊರಿಗೆಲ್ಲ ಗೊತ್ತಿದ್ದ ಮಾತೇ. ಎತ್ತಿನ ಗಾಡಿಯ ಒಂದು ಕಡೆಯಿಂದ ಭಾರ ಇಳಿಸಿದಂತೆ ಮನೆ ಒಂದು ಮಗ್ಗುಲಿಗೆ ಬೀಳುತ್ತದೆ. ಹತ್ತಬಹುದು, ಇಳಿಯುವ ಹಾಗಿಲ್ಲ. ಹೊಸ್ತಿಲು ನನ್ನ ಮೊಣಕಾಲಿಗೆ ಬಂದಿತ್ತು. ನಾನು ಹಾರಿ ಹತ್ತಿಕೊಳ್ಳಬಹುದಾಗಿತ್ತು. ಅವರ ಜೊತೆ ಎಲ್ಲಿಗಾದರೂ ಹೋಗಿಬಿಡಬೇಕೆಂದು ಜೀವ ಒದ್ದಾಡಿತು, ಒಂದು ಕೈ ಆಗಲೇ ಬಾಗಿಲ ಚೌಕಟ್ಟಿನ ಮೇಲಿತ್ತು.

"ಯಪ್ಪಾ, ವೈರು," ಅಂದಳು ಕಸ್ತೂರಿ.

ತಿರುಗಿ ನೋಡಿದೆ. ನಮ್ಮ ಮನೆಯ ವೈರು ಜೋಲು ಬಿಟ್ಟು ನೆಟ್ಟಗಾಗುತ್ತಿತ್ತು. ಇನ್ನೊಂದು ಆಳೆತ್ತರ ಏರಿದರೆ ಬಿಗಿಯುತ್ತದೆ, ಕಂಬ ಗಟ್ಟಿ, ಹೋದ ವರ್ಷವಷ್ಟೇ ನಾನೇ ಕಾಂಕ್ರೀಟು ಹಾಕಿಸಿದ್ದು. ಮನೆ ಮಗುಚುತ್ತದೆ. ಊರಿನಲ್ಲಿ ಕಂಬ ಹತ್ತುವವನು ನಾನೊಬ್ಬನೇ.

"ಹಾಡಿನ ಹಿಂದ ಹೋಗತೀವಿ ಯಪ್ಪಾ, ಹಾಡಿನ ಹಿಂದನ ಬರತೀವಿ. ನೀ ವೈರು ತಗೀ," ಅಂದಳು. ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೆದರಿಕೆಯಿತ್ತು, ಅದರ ಜೊತೆಗೆ ಇನ್ನೇನೋ ಇತ್ತು.

ಚೌಕಟ್ಟು ಬಿಟ್ಟು ಓಡಿದೆ. ಚಪ್ಪಲಿಯಿಲ್ಲ, ಬೆಲ್ಟಿಲ್ಲ, ಹಬ್ಬದ ಹೊಸ ಧೋತರದ ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿಕೊಂಡು ಕಂಬ ಹತ್ತಿದೆ. ಇಷ್ಟು ವರ್ಷ ಹತ್ತಿದ್ದು ಸಂಬಳಕ್ಕೆ, ಅವತ್ತು ಮಾತ್ರ ಜೀವಕ್ಕೆ. ತುದಿಗೆ ಮುಟ್ಟಿದಾಗ ವೈರು ತಂಬೂರಿಯ ತಂತಿಯ ಹಾಗೆ ಬಿಗಿದು ಗುಂಯ್‌ಗುಡುತ್ತಿತ್ತು. ಮನೆ ಆಗಲೇ ಓರೆಯಾಗಿತ್ತು. ಒಳಗೆ ಹೊಳೆವ್ವನ ಪಾತ್ರೆಗಳು ಉರುಳಿ ಬೀಳುವ ಸದ್ದು ಕೇಳಿಸಿತು. ಪ್ಲೇಯರಿನ ಬಾಯಿಗೆ ವೈರು ಸಿಕ್ಕಿತು, ಆದರೆ ನನ್ನ ಕೈ ಒಂದು ಕ್ಷಣ ಒತ್ತಲಿಲ್ಲ. ನನ್ನ ಹೆಂಡತಿ, ಮಗಳು, ಹೆಸರಿಡದ ಮೊಮ್ಮಗಳು, ಎಲ್ಲರನ್ನೂ ಈ ಊರಿಗೆ ಹಿಡಿದಿಟ್ಟಿದ್ದು ಅದೊಂದೇ ಎಳೆ. ಕಂಬಾರ ಓಣಿಯ ಖಾಲಿ ಜಾಗ ಕಣ್ಣ ಮುಂದೆ ಬಂತು. ಆಮೇಲೆ ಒತ್ತಿದೆ.

ಟಪ್ ಎಂದು ವೈರು ಹಾರಿತು. ಮನೆ ಒಮ್ಮೆ ತೂಗಿ, ನೆಟ್ಟಗಾಗಿ, ನನ್ನ ಎದುರಿನಿಂದಲೇ ಮೇಲೆದ್ದಿತು. ಎಷ್ಟು ಹತ್ತಿರವೆಂದರೆ ಬಾಗಿಲ ಚಿಲಕದ ಬಿಳಿ ದಾರ ನನ್ನ ಮುಖಕ್ಕೆ ತಾಗಿತು. ಹೊಸ್ತಿಲಲ್ಲಿ ಕಸ್ತೂರಿ ಕೂತುಬಿಟ್ಟಿದ್ದಳು. ಹೊಳೆವ್ವ ಅವಳ ಹಿಂದೆ ನಿಂತು, ಇಂಥ ಹೊತ್ತಿನಲ್ಲೂ ಮಗಳ ಕಿವಿಗೆ ಬಟ್ಟೆ ಬಿಗಿಯುತ್ತಿದ್ದಳು. ಹಕ್ಕಿ ಒಂದು ಕಪ್ಪು ಒಂದು ಹಳದಿ ಕಾಲನ್ನು ಹೊಟ್ಟೆಗೆ ಮಡಚಿಕೊಂಡು ಬೇವಿನ ಮರಗಳ ಮೇಲಿಂದ ಉತ್ತರಕ್ಕೆ ಹೊರಟಿತು, ಅದರ ಹಿಂದೆ ನನ್ನ ಮನೆ. ಅಂಥ ಚಂದವನ್ನು ನಾನು ಕಂಡಿಲ್ಲ. ಎದೆ ಒಡೆದು ಹೋಗುತ್ತಿದ್ದಾಗಲೂ ಚಂದವೆಂದೇ ಅನ್ನಿಸಿತು. ಕಣ್ಣಿಗೆ ಕಾಣುವ ತನಕ ಕಂಬದ ಮೇಲೇ ಇದ್ದೆ. ಹುಸೇನಬಿ ಕೆಳಗಿನಿಂದ ಕರೆದು ಕರೆದು ಸಾಕಾಗಿ ಕೊನೆಗೆ ಅಳತೊಡಗಿದಳು.

"ನನ್ನ ಕಣ್ಣಿಗೆ ಮಸಿ ಬಡೀತು ಮುದಕಪ್ಪಣ್ಣಾ. ಹುಡುಗಿ ಹೇಳಿದ್ಲು, ನಾ ನಕ್ಕೆ," ಅಂದಳು.

"ನಕ್ಕವ್ರು ಎಲ್ಲಾರೂ ಅದೀವಿ ಬಿಡವಾ," ಅಂದೆ.

ಹೆಸರಿಡುವ ಶಾಸ್ತ್ರಕ್ಕೆಂದು ಅಳಿಯ ಸಂಗಣ್ಣ ಬಂದಿಳಿದ. ಅವನದು ಮನೆಗಳು ಅಲುಗಾಡದ ಊರು. ಕೈಯಲ್ಲಿ ಕೂಸಿಗೆಂದು ಅವರವ್ವ ಹೊಲಿದ ಕೆಂಪು ಕುಂಚಿಗೆ, ಗುಬ್ಬಿಮರಿಯ ತಲೆಗೆ ಹಾಕುವಷ್ಟು ಸಣ್ಣದು. ಚೊಕ್ಕಟ ನೆಲವನ್ನು ನೋಡಿ, ನನ್ನನ್ನು ನೋಡಿ, "ಮಾವಾ, ಮನಿ ಎಲ್ಲೈತಿ?" ಅಂದ. ನಾನು ಆಕಾಶ ತೋರಿಸಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಆ ಬಯಲಲ್ಲಿ ಕೂತು ಕುಂಚಿಗೆಯ ಗೊಂಡೆಯನ್ನು ತಿರುವುತ್ತ ಸಂಜೆ ಮಾಡಿದ. ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದ. ಇಬ್ಬರೂ ನಮ್ಮ ಮನೆಯ ಜಾಗದಲ್ಲಿ ಹೊರಸು ಹಾಕಿಕೊಂಡು ಮಲಗುತ್ತಿದ್ದೆವು. ಇಲ್ಲಿ ಅಡುಗೆಮನೆ, ಇಲ್ಲಿ ಬಚ್ಚಲು, ಇಲ್ಲಿ ಅವರು ಮಲಗುತ್ತಿದ್ದ ಕೋಣೆ ಎಂದು ಅವನಿಗೆ ನೆಲದ ಮೇಲೆ ತೋರಿಸುತ್ತಿದ್ದೆ. ಅವನು ಕೋಣೆಯ ಜಾಗದಲ್ಲಿ ಕಾಲಿಡದೆ ಸುತ್ತಿ ಬರುತ್ತಿದ್ದ. ಬಿಸಿಲು ಹೋಯಿತು, ಮಳೆ ಬಂದು ಹೋಯಿತು. ಹುಸೇನಬಿ ದಿನಾ ಎರಡು ರೊಟ್ಟಿ ತಂದಿಟ್ಟು, ಆಕಾಶ ನೋಡಿ ಹೋಗುತ್ತಿದ್ದಳು.

ದಸರೆ ಮುಗಿಯಿತು. ಪತ್ತಾರರ ಮನೆ ಬಂತು, ಗಾಣಿಗರ ಓಣಿಯದು ಬಂತು. ಹಸಿರು ದಾರದ ಮನೆಗಳೆಲ್ಲ ಬಂದು ಕೂತವು, ನಮ್ಮದೊಂದು ಬರಲಿಲ್ಲ. ಜನ ನಮ್ಮ ಜಾಗದ ಪಕ್ಕದಲ್ಲಿ ಹೋಗುವಾಗ ಮಾತು ನಿಲ್ಲಿಸತೊಡಗಿದರು. ನನಗೆ ಅದು ಗೊತ್ತಾಯಿತು. ಒಂದು ದಿನ ಯಾರೋ ಹಸಿ ಶೇಂಗಾವನ್ನು ಅಲ್ಲಿ ಒಣಗಲು ಹರವಿದರು. ಇನ್ನು ಈ ಜಾಗಕ್ಕೆ ಮನೆ ಬರುವುದಿಲ್ಲ ಎಂದು ಊರು ತೀರ್ಮಾನಿಸಿದ್ದು ಹಾಗೆ. ಬೈದು ಓಡಿಸಬೇಕಿತ್ತು. ನನ್ನಲ್ಲಿ ಅಷ್ಟು ಕಸುವಿರಲಿಲ್ಲ, ಹೊರಸಿನ ಮೇಲೆ ಮುಖ ತಿರುಗಿಸಿ ಮಲಗಿದೆ.

ಮರುದಿನ ಹೊತ್ತೇರಿದ ಮೇಲೆ, ಆ ತಿಂಗಳ ಪಾಳಿಗೆ ಬಂದಿದ್ದ ಸಂಗಣ್ಣ ನನ್ನ ಭುಜ ಅಲುಗಿಸಿದ. "ಮಾವಾ, ಅಲ್ಲಿ ನೋಡ್ರಿ."

ಕಂಬದ ತುದಿಯಲ್ಲಿ, ನಾನು ಕತ್ತರಿಸಿದ ವೈರಿನ ಮೋಟಿನ ಮೇಲೆ ಹೆಬ್ಬೆರಳಿನಷ್ಟು ಹಕ್ಕಿ ಕೂತಿತ್ತು. ಎರಡೂ ಕಾಲು ಹಳದಿ. ಎಲ್ಲೆಲ್ಲಿಯ ಮಳೆಯಲ್ಲಿ ತೊಯ್ದಿತ್ತೋ, ನಮ್ಮ ಬಚ್ಚಲ ಮಸಿಯ ಗುರುತೇ ಇರಲಿಲ್ಲ. ಇಂಥ ಹಳದಿ ಕಾಲಿನವು ಊರಲ್ಲಿ ಬೇಕಾದಷ್ಟು ಇದ್ದವು, ಇದು ನಮ್ಮದೇ ಎಂದು ಹೇಗೆ ಹೇಳುವುದು? ಹುಸೇನಬಿ ಬಿದಿರು ಕನ್ನಡಿ ಹಿಡಿದುಕೊಂಡು ಓಡಿ ಬಂದವಳು ಅದನ್ನು ನೆಲಕ್ಕೆ ಹಾಕಿ, ಸೆರಗಿನ ತುದಿಯಿಂದ ಕಣ್ಣು ಮುಚ್ಚಿಕೊಂಡು, ಕಿವಿ ಕೊಟ್ಟು ನಿಂತಳು. ಹಕ್ಕಿ ಹಾಡಿತು. ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ಹಾಡಿನ ಕೊನೆಗೆ ಎಲ್ಲೋ ಬಲು ಎತ್ತರದಿಂದ ಇನ್ನೊಂದು ದನಿ ಸೇರಿಕೊಂಡಿತು.

"ನನ್ನ ಮನಿ ಜಾಗದಾಗ ಶೇಂಗಾ ಹರವಿದವ್ರು ಯಾರ್ಲೇ ಅವ್ರು? ಸತ್ತೇವಂತ ಮಾಡೀರೇನು? ತಗೀರಿ!"

ಹೊಳೆವ್ವನ ಬೈಗುಳ ಅಷ್ಟು ಸಿಹಿ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಓಣಿಯೆಲ್ಲ ಓಡಿ ಬಂದು ಸೆರಗು, ಟವೆಲು, ಬುಟ್ಟಿ ಸಿಕ್ಕಿದ್ದರಲ್ಲಿ ಶೇಂಗಾ ಬಾಚಿತು. ನಾನು ಹೊರಸಿನ ಕೆಳಗಿಟ್ಟುಕೊಂಡಿದ್ದ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಕಂಬ ಹತ್ತಿದೆ. ಮನೆ ಇಳಿಯುತ್ತ ಬಂದು ನನ್ನ ಎತ್ತರಕ್ಕೆ ಬಂದಾಗ ಬಾಗಿಲು ನನ್ನ ಮುಖದ ಎದುರಿಗೇ ಇತ್ತು. ಕಸ್ತೂರಿ ಹೊಸ್ತಿಲಲ್ಲಿ ಕೂತಿದ್ದಳು, ಬಿಸಿಲಿಗೆ ಕಂದಿದ ಮೈ, ಕೂದಲ ತುಂಬ ಉಪ್ಪು, ಕಿವಿಯಲ್ಲಿ ಹತ್ತಿಯಿರಲಿಲ್ಲ. ಅವಳ ಮಡಿಲಲ್ಲಿ ಎರಡು ಹಲ್ಲು ಮೂಡಿದ ಗುಂಡನೆಯ ಕೂಸು ನೆಟ್ಟಗೆ ಕೂತು ನನ್ನನ್ನು ದಿಟ್ಟಿಸಿತು. ಏನು ಕಂಡಿರಿ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಕೂಸು ಕೈ ಚಾಚಿ ಪ್ಲೇಯರ್ ಹಿಡಿದಿದ್ದ ನನ್ನ ಬೆರಳನ್ನು ಬಿಗಿಯಾಗಿ ಹಿಡಿದುಕೊಂಡಿತು. ಕೆಳಗೆ ಸಂಗಣ್ಣ ಕೆಂಪು ಕುಂಚಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಅದು ಆ ತಲೆಗೆ ಹಿಡಿಸುವುದಿಲ್ಲ ಎಂದು ಮೇಲಿನಿಂದ ನೋಡುತ್ತಿದ್ದ ನಮಗೆ ಗೊತ್ತಾಗಿಬಿಟ್ಟಿತ್ತು.